ವಾಕೆಚೂಲಾದ ಬಿಳಿ ಮಂಟಪಗಳು

ಮೆಕ್ಸಿಕೋದ ಪುಯೆಬ್ಲಾ ರಾಜ್ಯದಲ್ಲಿ, ಪೊಪೊಕಾಟೆಪೆಟ್ಲ್ ಜ್ವಾಲಾಮುಖಿಗೆ ಸಮೀಪದ ಸೀಮೆಯಲ್ಲಿ ವಾಕೆಚೂಲಾ ಎಂಬ ಊರಿದೆ. ನವೆಂಬರ್ 1 ಮತ್ತು 2ರಂದು ನಡೆಯುವ ಸತ್ತವರ ಹಬ್ಬಕ್ಕೆ ದೇಶದ ಉಳಿದೆಡೆ ಬಣ್ಣಬಣ್ಣದ ಕತ್ತರಿ ಕಾಗದ, ಸಕ್ಕರೆಯ ತಲೆಬುರುಡೆಗಳ ಅಬ್ಬರವಿದ್ದರೆ ಇಲ್ಲಿ ಎದ್ದು ಕಾಣುವುದು ಬಿಳುಪು. ಹಿಂದಿನ ಹಬ್ಬದಿಂದೀಚೆಗೆ ಸಾವು ಕಂಡ ಮನೆಯವರು ನಡುಮನೆಯಲ್ಲಿ ಸೂರು ಮುಟ್ಟುವಷ್ಟು ಎತ್ತರದ ಮಂಟಪ ಕಟ್ಟಿಸುತ್ತಾರೆ.

ಚೌಕಟ್ಟಿನ ಮೇಲೆ ಬಿಳಿ ಸ್ಯಾಟಿನ್ ಬಟ್ಟೆಯನ್ನು ನೆರಿಗೆ ಹಿಡಿದು, ಗುಂಡುಸೂಜಿ ಚುಚ್ಚಿ ಕೂರಿಸುವುದೇ ಇದರ ಕುಶಲತೆ. ಇದಕ್ಕೆಂದೇ ನುರಿತ ಕಸುಬುದಾರರಿದ್ದಾರೆ. ಅವರ ಕೈಯಲ್ಲಿ ಬಟ್ಟೆಯೇ ಚರ್ಚಿನ ಕಂಬ, ಕಮಾನು, ಮೋಡಗಳಾಗುತ್ತದೆ. ಸಾಮಾನ್ಯವಾಗಿ ಮಂಟಪಕ್ಕೆ ಮೂರು ಅಂತಸ್ತು. ಕೆಳಗಿನದು ಭೂಮಿ, ನಡುವಿನದು ದೇವದೂತರೂ ಮೇರಿ ಮಾತೆಯೂ ಇರುವ ಆಕಾಶ, ತುದಿಯಲ್ಲಿ ಶಿಲುಬೆ. ಸತ್ತವರ ಭಾವಚಿತ್ರವನ್ನು ನೇರವಾಗಿ ಎದುರಿಗಿಡದೆ, ಕನ್ನಡಿಯಲ್ಲಿ ಅದರ ಬಿಂಬ ಮಾತ್ರ ಕಾಣುವಂತೆ ಇಡುವುದುಂಟು. ಹೋದವರು ಬಂದಿದ್ದಾರೆ, ಆದರೆ ಈ ಲೋಕದವರಾಗಿ ಅಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಮೆಟ್ಟಿಲುಗಳ ಮೇಲೆ ಅಳುವ ಮಕ್ಕಳ ಪುಟ್ಟ ಬೊಂಬೆಗಳಿರುತ್ತವೆ. ಅವು ದುಃಖದಲ್ಲಿರುವ ಬಂಧುಗಳ ಪರವಾಗಿ ನಿಂತವು.

ಕೆಳ ಅಂತಸ್ತು ಊಟದ ಜಾಗ. ಮೋಲೆ ಎಂಬ ಮಸಾಲೆ ಸಾರು, ಓಹಾಲ್ಡ್ರಾ ಬ್ರೆಡ್ಡು, ಚಾಕೊಲೇಟ್, ಹಣ್ಣು, ಜೊತೆಗೆ ತೀರಿಕೊಂಡವರು ಬದುಕಿದ್ದಾಗ ಇಷ್ಟಪಟ್ಟ ತಿನಿಸು. ದಾರಿ ನಡೆದು ದಣಿದ ಆತ್ಮಕ್ಕೆ ನೀರು, ಬೆಳಕಿಗೆ ಮೇಣದಬತ್ತಿ, ಶುದ್ಧಿಗೆ ಉಪ್ಪು ಮತ್ತು ಕೊಪಾಲ್ ಮರದ ಅಂಟಿನ ಧೂಪ. ಬೀದಿಯಿಂದ ಮಂಟಪದವರೆಗೆ ಸೆಂಪಸೂಚಿಲ್ ಹೂವಿನ ಎಸಳು ಚೆಲ್ಲಿ ದಾರಿ ಮಾಡುತ್ತಾರೆ. ಬಣ್ಣ ಮತ್ತು ವಾಸನೆಯ ಜಾಡು ಹಿಡಿದು ಆತ್ಮ ಮನೆ ಸೇರುತ್ತದೆಂಬ ನಂಬಿಕೆ. ಇದು ಬೇರೆ ಹೂವಲ್ಲ, ಕರ್ನಾಟಕದಲ್ಲಿ ಆಯುಧಪೂಜೆಗೆ ರಾಶಿರಾಶಿ ಮಾರಾಟವಾಗುವ ಚೆಂಡುಹೂವೇ. ಅದರ ತವರು ಮೆಕ್ಸಿಕೋ ಸೀಮೆ.

ಆ ಎರಡು ದಿನ ಮನೆಯ ಬಾಗಿಲು ಊರಿಗೆಲ್ಲ ತೆರೆದಿರುತ್ತದೆ. ನೆಂಟರು, ನೆರೆಯವರು ಮೇಣದಬತ್ತಿಯನ್ನೋ ಹೂವನ್ನೋ ತಂದರೆ, ಮನೆಯವರು ಬ್ರೆಡ್ಡು, ಚಾಕೊಲೇಟ್ ಕೊಟ್ಟು ಉಪಚರಿಸುತ್ತಾರೆ. ಗುರುತಿಲ್ಲದ ಪ್ರವಾಸಿಗನಿಗೂ ಈ ಉಪಚಾರ ತಪ್ಪುವುದಿಲ್ಲ. ಕಸುಬುದಾರರ ಕೂಲಿ, ಬಟ್ಟೆ, ಅಡುಗೆ ಎಲ್ಲ ಸೇರಿ ಖರ್ಚು ಸಣ್ಣದಲ್ಲ. ಅಮೆರಿಕಕ್ಕೆ ದುಡಿಯಲು ಹೋದ ಮಕ್ಕಳು ಕಳಿಸುವ ಹಣ ಹಲವು ಮನೆಗಳಿಗೆ ಆಸರೆ.

ಮೂಲನಿವಾಸಿಗಳ ಸತ್ತವರ ಹಬ್ಬವನ್ನು ಯುನೆಸ್ಕೊ 2008ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ವಾಕೆಚೂಲಾದಲ್ಲಿ ದೊಡ್ಡ ಮಂಟಪದ ಗೌರವ ಮೊದಲ ವರ್ಷಕ್ಕೆ ಮಾತ್ರ. ಮರುವರ್ಷದಿಂದ ಸತ್ತವರ ಹೆಸರಿಗೆ ಮನೆಮಟ್ಟದ ಸರಳ ಎಡೆ ಸಾಕು.