ರಾತ್ರಿ ನೆನೆಸಿದ ಓಟ್ಸ್, ಬೆಳಗಿಗೆ ಸಿಹಿ ತಿಂಡಿ

“ರಾತ್ರಿ ಕಲಸಿಟ್ಟು ಬೆಳಿಗ್ಗೆ ತಿನ್ನುವುದೆಂದರೆ ಅದು ತಂಗಳಲ್ಲವೇ?” ನೆನೆಸಿದ ಓಟ್ಸಿನ ಮಾತು ಬಂದಾಗ ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ ಇದು. ಉತ್ತರವೂ ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಬೇಯಿಸಿ ಉಂಡು ಮಿಕ್ಕದ್ದು ತಂಗಳು. ಬೇಕೆಂದೇ ನೀರಿಗೆ ಹಾಕಿಟ್ಟದ್ದು ನೆನೆ. ದೋಸೆಯ ಅಕ್ಕಿ, ಉದ್ದಿನಬೇಳೆ, ಉಸಲಿಯ ಕಡಲೆ, ಮೊಳಕೆಯ ಹೆಸರುಕಾಳು ಎಲ್ಲವೂ ನೆನೆದೇ ಹದಕ್ಕೆ ಬರುತ್ತವೆ. ಓಟ್ಸನ್ನೂ ಇದೇ ಸಾಲಿಗೆ ಸೇರಿಸಿಕೊಂಡರೆ ಅದು ನಮಗೆ ಅಷ್ಟೇನೂ ಹೊಸದೆನಿಸುವುದಿಲ್ಲ.

ಮಾತುಕತೆಯ ಕಾರ್ಯಕ್ರಮಗಳಲ್ಲಿ ಅಡಿಗೆಯ ಅಳತೆಗಳು ಬಂದಷ್ಟೇ ಬೇಗ ಹೋಗಿಬಿಡುತ್ತವೆ. ಕಾಗದ, ಪೆನ್ನು ಹುಡುಕಿ ತರುವಷ್ಟರಲ್ಲಿ ಪಾತ್ರೆ ಒಲೆಯಿಂದ ಇಳಿದಿರುತ್ತದೆ. ಆದ್ದರಿಂದ ಈ ತಿಂಡಿಯ ಹಿನ್ನೆಲೆ, ಅಳತೆ, ಎಚ್ಚರಿಕೆ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಕೊಡಲಾಗಿದೆ.

ಈ ತಿಂಡಿ ಯಾರಿಗೆ?

ಏಳೂವರೆಗೆ ಶಾಲೆಯ ಬಸ್ಸು ಹಿಡಿಯುವ ಮಗು, ಎಂಟಕ್ಕೆ ಕೆಲಸಕ್ಕೆ ಹೊರಡುವ ತಾಯಿ, ಬೆಳಗಿನ ಮಾತ್ರೆ ನುಂಗಿ ತಿಂಡಿಗೆ ಕಾಯುವ ಅಜ್ಜ. ಇಂತಹ ಮನೆಗಳಲ್ಲಿ ಬೆಳಗಿನ ತಿಂಡಿಯನ್ನೇ ಬಿಟ್ಟುಬಿಡುವುದು ಸುಲಭ. ಆದರೆ ಇನ್ಸುಲಿನ್ ಚುಚ್ಚಿಕೊಂಡ ಅಥವಾ ಸಕ್ಕರೆ ಕಾಯಿಲೆಯ ಕೆಲವು ಬಗೆಯ ಮಾತ್ರೆ ನುಂಗಿದವರು ತಿಂಡಿ ತಪ್ಪಿಸಿದರೆ ರಕ್ತದ ಸಕ್ಕರೆ ತೀರ ಕೆಳಗಿಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಬೆಳಿಗ್ಗೆ ಒಲೆ ಹಚ್ಚದೆಯೇ ಸಿದ್ಧವಿರುವ ತಿಂಡಿ ಇಂತಹವರಿಗೆ ನಿಜವಾದ ಆಸರೆ.

ಹಾಗಾದರೆ ಅದು ಸಿಹಿ ಏಕಿರಬೇಕು? ಸಪ್ಪೆ ಓಟ್ಸನ್ನು ಎರಡು ದಿನ ಔಷಧಿಯಂತೆ ತಿಂದು ಮೂರನೆಯ ದಿನ ಡಬ್ಬವನ್ನು ಅಟ್ಟಕ್ಕೆ ಸೇರಿಸುವವರೇ ಹೆಚ್ಚು. ನಾಲಿಗೆ ಒಪ್ಪದ ಪಥ್ಯ ಹೆಚ್ಚು ದಿನ ನಡೆಯದು. ಹಾಗೆಂದು ಸಕ್ಕರೆ ಸುರಿದರೆ ಪಥ್ಯವೇ ಕೆಟ್ಟಿತು. ಈ ಎರಡರ ನಡುವಿನ ದಾರಿ ಯಾವುದೆಂಬುದೇ ಈ ಲೇಖನದ ವಿಷಯ.

ಸ್ವಿಟ್ಜರ್‌ಲೆಂಡಿನ ವೈದ್ಯನ ಬಟ್ಟಲು

ಓಟ್ಸನ್ನು ಬೇಯಿಸದೆ, ರಾತ್ರಿ ನೆನೆಸಿ ತಿನ್ನುವ ಕ್ರಮವನ್ನು ಪ್ರಸಿದ್ಧಿಗೆ ತಂದವರು ಸ್ವಿಟ್ಜರ್‌ಲೆಂಡಿನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಷರ್-ಬೆನ್ನರ್ (1867–1939). 1900ರ ಆಸುಪಾಸಿನಲ್ಲಿ ಅವರು ಝೂರಿಕ್ ನಗರದಲ್ಲಿ ತಮ್ಮ ರೋಗಿಗಳಿಗೆ ಒಂದು ಆಹಾರವನ್ನು ಕೊಡಲಾರಂಭಿಸಿದರು. ಒಂದು ಚಮಚ ಓಟ್ಸನ್ನು ಮೂರು ಚಮಚ ನೀರಿನಲ್ಲಿ ಹನ್ನೆರಡು ಗಂಟೆ ನೆನೆಸಿ, ಅದಕ್ಕೆ ನಿಂಬೆರಸ, ಒಂದು ಚಮಚ ಮಂದಗೊಳಿಸಿದ ಹಾಲು, ಸಿಪ್ಪೆಸಹಿತ ತುರಿದ ಒಂದು ದೊಡ್ಡ ಸೇಬು, ಒಂದು ಚಮಚ ಬಾದಾಮಿ ಅಥವಾ ಹೇಜಲ್ ಬೀಜದ ಪುಡಿ ಸೇರಿಸುತ್ತಿದ್ದರು. ಇದೇ ಮುಂದೆ ಮ್ಯೂಸ್ಲಿ ಎಂದು ಹೆಸರಾಯಿತು.

ಅವರ ಬಟ್ಟಲಿನಲ್ಲಿ ಹೆಚ್ಚಿನ ಪಾಲು ಹಣ್ಣಿನದು, ಓಟ್ಸ್ ಒಂದು ಚಮಚ ಮಾತ್ರ ಎಂಬುದನ್ನು ಗಮನಿಸಿ. ಇಂದು ಅಂಗಡಿಗಳಲ್ಲಿ ಸಿಗುವ ಎಷ್ಟೋ ಮ್ಯೂಸ್ಲಿ ಪೊಟ್ಟಣಗಳಲ್ಲಿ ಲೆಕ್ಕ ತಲೆಕೆಳಗಾಗಿದೆ. ಧಾನ್ಯ ಹೆಚ್ಚು, ಹಣ್ಣು ಹೆಸರಿಗಷ್ಟೇ, ಜೊತೆಗೆ ಸಕ್ಕರೆ. ಕೊಳ್ಳುವಾಗ ಪೊಟ್ಟಣದ ಹಿಂಬದಿಯನ್ನು ಓದುವುದು ಒಳ್ಳೆಯದು.

ನೆನೆದರೆ ಸಾಕೇ, ಬೇಯಬೇಡವೇ?

ಅಂಗಡಿಯಲ್ಲಿ ಸಿಗುವ ಚಪ್ಪಟೆ ಓಟ್ಸನ್ನು ಕಾರ್ಖಾನೆಯಲ್ಲಿಯೇ ಹಬೆಯಲ್ಲಿ ಹಾಯಿಸಿ, ಉರುಳೆಗಳ ನಡುವೆ ಒತ್ತಿರುತ್ತಾರೆ. ನಮ್ಮ ಅವಲಕ್ಕಿಯನ್ನು ಮತ್ತೆ ಬೇಯಿಸದೆ ನೆನೆಸಿ ತಿನ್ನುವಂತೆಯೇ ಇದನ್ನೂ ತಿನ್ನಬಹುದು. ಕಾಳನ್ನು ತುಂಡು ಮಾಡಿದ ನುಚ್ಚಿನಂತಹ ಓಟ್ಸ್ ಇದಕ್ಕೆ ಒಗ್ಗದು, ಬೆಳಿಗ್ಗೆಯೂ ಗಟ್ಟಿಯಾಗಿಯೇ ಉಳಿಯುತ್ತದೆ. ಎರಡೇ ನಿಮಿಷದಲ್ಲಿ ಬೇಯುವ ಪುಡಿ ಓಟ್ಸ್ ಅಂಟಿನಂತಾಗುತ್ತದೆ. ಮಸಾಲೆ, ಉಪ್ಪು ಬೆರೆಸಿದ ಪೊಟ್ಟಣಗಳಂತೂ ಬೇಡವೇ ಬೇಡ.

ನೆನೆದ ಓಟ್ಸಿನಲ್ಲಿ ಕಾಣುವ ಲೋಳೆಗೆ ಮುಖ್ಯ ಕಾರಣ ಬೀಟಾ ಗ್ಲೂಕನ್ ಎಂಬ ಕರಗುವ ನಾರು. ಅದು ಕರುಳಿನಲ್ಲಿ ಮಂದವಾದ ಗಂಜಿಯಂತಾಗಿ, ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ಜೊತೆಗೆ ಪಿತ್ತರಸದ ಒಂದಷ್ಟು ಅಂಶವನ್ನು ಹಿಡಿದು ಮಲದೊಡನೆ ಹೊರಹಾಕುತ್ತದೆ. ಆ ಕೊರತೆ ತುಂಬಲು ಯಕೃತ್ತು ರಕ್ತದಲ್ಲಿರುವ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ಈ ಗುಣವನ್ನು ಪರಿಗಣಿಸಿಯೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 1997ರಲ್ಲಿ, ದಿನಕ್ಕೆ 3 ಗ್ರಾಂ ಈ ನಾರು ಸೇರಿದ ಮಿತಕೊಬ್ಬಿನ ಆಹಾರವು ಹೃದ್ರೋಗದ ಅಪಾಯವನ್ನು ತಗ್ಗಿಸಬಹುದೆಂದು ಪೊಟ್ಟಣಗಳ ಮೇಲೆ ಮುದ್ರಿಸಲು ಅನುಮತಿ ನೀಡಿತು. 40 ಗ್ರಾಂ ಓಟ್ಸಿನಲ್ಲಿ ಸಿಗುವುದು ಇದರ ಸುಮಾರು ಅರ್ಧದಷ್ಟು.

ಸಿಹಿಯ ಗುಟ್ಟು ಸಕ್ಕರೆಯೊಂದೇ ಅಲ್ಲ

ಪಾಯಸ ಏಕೆ ರುಚಿಸುತ್ತದೆ ಎಂದು ಒಮ್ಮೆ ಯೋಚಿಸಿ. ಏಲಕ್ಕಿಯ ಘಮ, ಹಾಲಿನ ಮಂದತನ, ತುಪ್ಪದ ವಾಸನೆ, ಊದಿಕೊಂಡ ದ್ರಾಕ್ಷಿ, ಹುರಿದ ಗೋಡಂಬಿ. ಇವೆಲ್ಲ ಸೇರಿದಾಗಲೇ ಅದು ಪಾಯಸ. ಸಕ್ಕರೆಯನ್ನು ಕಡಿಮೆ ಮಾಡಿ, ಉಳಿದ ಎಲ್ಲವನ್ನೂ ಉಳಿಸಿಕೊಂಡರೆ ನಾಲಿಗೆಗೆ ಹಬ್ಬದ ನೆನಪು ಬರುತ್ತದೆ, ದೇಹಕ್ಕೆ ಹೊರೆಯಾಗುವುದಿಲ್ಲ. ರಾತ್ರಿಯಿಡೀ ನೆನೆಯುವಾಗ ಒಣದ್ರಾಕ್ಷಿ, ಖರ್ಜೂರಗಳ ಸಿಹಿ ಹಾಲಿಗೆ ಇಳಿಯುವುದರಿಂದ ಬೇರೆ ಸಕ್ಕರೆಯ ಅಗತ್ಯವೂ ತಗ್ಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2015ರ ಮಾರ್ಗಸೂಚಿಯಲ್ಲಿ, ದಿನದ ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆ ಮಾತ್ರ ಬೆರೆಸಿದ ಸಕ್ಕರೆಯಿಂದ ಬರಲಿ, ಶೇಕಡಾ 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು ಎಂದು ಹೇಳಿದೆ. 2,000 ಕ್ಯಾಲೊರಿ ಸೇವಿಸುವವರಿಗೆ ಶೇಕಡಾ 5 ಎಂದರೆ ಸುಮಾರು 25 ಗ್ರಾಂ, ಐದಾರು ಟೀ ಚಮಚ. ಬೆಲ್ಲ, ಜೇನುತುಪ್ಪಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಇಡಿಯಾಗಿ ತಿನ್ನುವ ಹಣ್ಣು ಸೇರುವುದಿಲ್ಲ.

ಮೂಲ ಅಳತೆ (ಒಬ್ಬರಿಗೆ)

ಚಪ್ಪಟೆ ಓಟ್ಸ್ 40 ಗ್ರಾಂ (ಸುಮಾರು ಅರ್ಧ ಲೋಟ), ಕಾಯಿಸಿ ಆರಿಸಿದ ಹಾಲು ಮುಕ್ಕಾಲು ಲೋಟ, ಗಟ್ಟಿ ಮೊಸರು ಎರಡು ದೊಡ್ಡ ಚಮಚ, ಚಿಟಿಕೆ ಉಪ್ಪು. ಎಲ್ಲವನ್ನೂ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಕಲಸಿ ಫ್ರಿಜ್ಜಿನಲ್ಲಿಡಿ. ಆರರಿಂದ ಎಂಟು ಗಂಟೆ ಸಾಕು. ಬೆಳಿಗ್ಗೆ ಗಟ್ಟಿಯೆನಿಸಿದರೆ ಸ್ವಲ್ಪ ಹಾಲು ಸೇರಿಸಿ. ಚಿಟಿಕೆ ಉಪ್ಪನ್ನು ಮರೆಯಬೇಡಿ, ಅದು ಸಿಹಿಯನ್ನು ಎತ್ತಿ ತೋರಿಸುತ್ತದೆ.

ರಸಾಯನದ ರೀತಿ: ಕರಾವಳಿಯ ಬಾಳೆಹಣ್ಣಿನ ರಸಾಯನವೇ ಇದಕ್ಕೆ ಮಾದರಿ. ಮೊಸರನ್ನು ಬಿಟ್ಟು, ಅರ್ಧ ಹಾಲಿನ ಬದಲಿಗೆ ತೆಂಗಿನಕಾಯಿ ಹಾಲು ಹಾಕಿ ನೆನೆಸಿ. ಬೆಳಿಗ್ಗೆ ಚೆನ್ನಾಗಿ ಕಳಿತ ಒಂದು ಏಲಕ್ಕಿ ಬಾಳೆಹಣ್ಣನ್ನು ಹೆಚ್ಚಿ ಹಾಕಿ, ಏಲಕ್ಕಿ ಪುಡಿ, ಹುರಿದ ಎಳ್ಳು ಉದುರಿಸಿ. ಬೆಲ್ಲ ಬೇಕೇಬೇಕೆಂದರೆ ಒಂದು ಟೀ ಚಮಚ ಸಾಕು.

ಶ್ರೀಖಂಡದ ರೀತಿ: ಒಂದು ಲೋಟ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಫ್ರಿಜ್ಜಿನಲ್ಲಿ ಜಾಲರಿಯ ಮೇಲಿಟ್ಟು ನೀರಿಳಿಸಿ. ಓಟ್ಸನ್ನು ಹಾಲಿನಲ್ಲಷ್ಟೇ ನೆನೆಸಿ, ಬೆಳಿಗ್ಗೆ ಈ ಗಟ್ಟಿ ಮೊಸರನ್ನು ಬೆರೆಸಿ. ಬೆಚ್ಚನೆಯ ಹಾಲಿನಲ್ಲಿ ನೆನೆದ ನಾಲ್ಕು ಎಸಳು ಕೇಸರಿ, ಜಾಯಿಕಾಯಿಯ ತುರಿ, ಸಣ್ಣಗೆ ಹೆಚ್ಚಿದ ಎರಡು ಖರ್ಜೂರ ಹಾಕಿ.

ಕ್ಯಾರೆಟ್ ಹಲ್ವದ ರೀತಿ: ಒಂದು ಕ್ಯಾರೆಟ್ಟನ್ನು ತುರಿದು, ಒಂದು ಟೀ ಚಮಚ ತುಪ್ಪದಲ್ಲಿ ಹಸಿವಾಸನೆ ಹೋಗುವವರೆಗೆ ಬಾಡಿಸಿ. ಆರಿದ ಮೇಲೆ ಓಟ್ಸ್, ಹಾಲು, ಹತ್ತು ಒಣದ್ರಾಕ್ಷಿ, ಏಲಕ್ಕಿ ಸೇರಿಸಿ ನೆನೆಸಿ. ಗೋಡಂಬಿಯನ್ನು ಮಾತ್ರ ಬೆಳಿಗ್ಗೆ ಹಾಕಿ, ಮೆತ್ತಗಾಗುವುದಿಲ್ಲ.

ಕಾಫಿಯ ರೀತಿ: ಇಟಲಿಯ ತಿರಮಿಸು ಎಂಬ ಸಿಹಿಯಲ್ಲಿ ಕಾಫಿ ಮತ್ತು ಕೋಕೋ ಜೋಡಿಯಾಗಿರುತ್ತವೆ. ಮೂಲ ಅಳತೆಗೆ ಎರಡು ಚಮಚ ಫಿಲ್ಟರ್ ಡಿಕಾಕ್ಷನ್ ಬೆರೆಸಿ ನೆನೆಸಿ, ಬೆಳಿಗ್ಗೆ ಗಟ್ಟಿ ಮೊಸರಿನ ಒಂದು ಪದರ ಹಚ್ಚಿ, ಸಿಹಿ ಬೆರೆಸದ ಕೋಕೋ ಪುಡಿ ಉದುರಿಸಿ. ಇದು ದೊಡ್ಡವರಿಗೆ ಮಾತ್ರ.

ಫ್ರಿಜ್ಜಿಲ್ಲದ ಮನೆಯಲ್ಲಿ

ಹಾಲು ಬೆರೆಸಿದ ಓಟ್ಸನ್ನು ರಾತ್ರಿಯಿಡೀ ಹೊರಗಿಡಬೇಡಿ. ನಮ್ಮ ಸೆಖೆಗೆ ಅದು ಕೆಡುತ್ತದೆ. ಫ್ರಿಜ್ಜಿದ್ದರೂ ರಾತ್ರಿ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕರೆಂಟ್ ಹೋಗಿದ್ದರೆ ಆ ಡಬ್ಬಿಯನ್ನು ಚೆಲ್ಲುವುದೇ ಕ್ಷೇಮ. ಫ್ರಿಜ್ಜಿಲ್ಲದವರು ಬೆಳಿಗ್ಗೆ ಎದ್ದೊಡನೆ ಓಟ್ಸಿನ ಮೇಲೆ ಕುದಿಯುವ ಹಾಲು ಸುರಿದು ಮುಚ್ಚಿಡಿ. ಸ್ನಾನ ಮುಗಿಸಿ ಬರುವಷ್ಟರಲ್ಲಿ, ಇಪ್ಪತ್ತು ನಿಮಿಷಕ್ಕೆ, ಮೆತ್ತಗಾಗಿರುತ್ತದೆ. ರಾತ್ರಿ ಮಾಡಬೇಕಾದ ಕೆಲಸ ಒಣದ್ರಾಕ್ಷಿ, ಬೀಜ, ಏಲಕ್ಕಿಗಳನ್ನು ಅಳೆದಿಡುವುದಷ್ಟೇ.

ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಸಕ್ಕರೆ ಕಾಯಿಲೆಯವರು ಎಷ್ಟು ಬೇಕಾದರೂ ತಿನ್ನಬಹುದೇ?

ಇಲ್ಲ. 40 ಗ್ರಾಂ ಓಟ್ಸಿನಲ್ಲಿಯೂ ಸುಮಾರು 26 ಗ್ರಾಂ ಪಿಷ್ಟವಿದೆ. ಹಾಲು, ಹಣ್ಣಿನದು ಬೇರೆ. ಇದು ಇಡ್ಲಿ, ದೋಸೆಯ ಬದಲಿಗೆ, ಅವುಗಳ ಜೊತೆಗಲ್ಲ. ಬಾಳೆಹಣ್ಣು ಅರ್ಧ ಸಾಕು, ಖರ್ಜೂರದ ಬದಲು ಸೇಬಿನ ತುರಿ ಹಾಕಿ. ತಿಂದ ಎರಡು ಗಂಟೆಯ ನಂತರ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಂಡರೆ ನಿಮ್ಮ ದೇಹಕ್ಕೆ ಒಗ್ಗುವ ಅಳತೆ ತಿಳಿಯುತ್ತದೆ.

ಚಿಕ್ಕ ಮಕ್ಕಳಿಗೆ ಕೊಡಬಹುದೇ?

ಶಾಲೆಗೆ ಹೋಗುವ ಮಕ್ಕಳಿಗೆ ಅರ್ಧ ಅಳತೆಯಿಂದ ಆರಂಭಿಸಿ. ಪುಟ್ಟ ಮಕ್ಕಳಿಗೆ ಗೋಡಂಬಿ, ಬಾದಾಮಿಯನ್ನು ಪುಡಿಮಾಡಿಯೇ ಕೊಡಿ, ಇಡಿಯಾದದ್ದು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಸಲ್ಲದು.

ಓಟ್ಸ್ ತಿಂದರೆ ಹೊಟ್ಟೆಯುಬ್ಬರವಾಗುತ್ತದೆಯಲ್ಲ?

ನಾರು ಒಮ್ಮೆಲೇ ಹೆಚ್ಚಾದರೆ ಹಾಗಾಗುವುದುಂಟು. ಮೊದಲ ವಾರ ಎರಡೇ ದೊಡ್ಡ ಚಮಚ ನೆನೆಸಿ, ದಿನದಲ್ಲಿ ನೀರು ಹೆಚ್ಚು ಕುಡಿಯಿರಿ.

ಓಟ್ಸೇ ಆಗಬೇಕೇ?

ಬೇಕೆಂದಿಲ್ಲ. ಬೀಟಾ ಗ್ಲೂಕನ್ ವಿಷಯದಲ್ಲಿ ಓಟ್ಸಿನದು ಮೇಲುಗೈ, ನಿಜ. ಆದರೆ ಕ್ಯಾಲ್ಸಿಯಂ ವಿಷಯದಲ್ಲಿ ರಾಗಿಯ ಸಮಕ್ಕೆ ಅದು ನಿಲ್ಲದು. ವಾರದಲ್ಲಿ ಎರಡು ದಿನ ಓಟ್ಸ್, ಎರಡು ದಿನ ರಾಗಿ ಅಂಬಲಿ, ಒಂದು ದಿನ ಮೊಸರವಲಕ್ಕಿ ಎಂದು ಹಂಚಿಕೊಂಡರೆ ಬೇಸರವೂ ಬಾರದು, ಜೇಬಿಗೂ ಹಗುರ.

ಮೊದಲ ಸಲ ಮಾಡುವವರು ಒಂದೇ ಡಬ್ಬಿ ಮಾಡಿ, ಮನೆಯವರೆಲ್ಲ ಎರಡೆರಡು ಚಮಚ ತಿಂದು ನೋಡಿ. ಇನ್ನಷ್ಟು ಬೇಕೆಂದು ಮಕ್ಕಳು ಕೇಳಿದರೆ ಮರುದಿನ ರಾತ್ರಿ ಡಬ್ಬಿಗಳ ಸಂಖ್ಯೆ ಹೆಚ್ಚಿಸಿ. ಅಜ್ಜನಿಗೆ ಮೆಚ್ಚಿಗೆಯಾದರೆ, ಇದು ತಂಗಳೋ ನೆನೆಯೋ ಎಂಬ ಪ್ರಶ್ನೆಗೆ ಅವರೇ ಉತ್ತರ ಹೇಳುತ್ತಾರೆ.