ಮಲೆನಾಡಿನಲ್ಲಿ ವಸಂತವೆಂದರೆ ಆಟದ ಕಾಲ

ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲೂಕುಗಳ ಕ್ರೀಡಾಪ್ರಿಯರಿಗೆ ವಸಂತ ಬಂತೆಂದರೆ ಹಬ್ಬ. ಇದಕ್ಕೆ ಮೊದಲ ಕಾರಣ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮೈದಾನದ ಆಟದ ಮಾತೇ ಇಲ್ಲ. ಮಳೆ ಬಿಟ್ಟ ಮೇಲೆ ಅಡಿಕೆ, ಭತ್ತ, ಕಾಫಿ ಕೊಯ್ಲು ಒಂದರ ಹಿಂದೊಂದು ಬರುತ್ತವೆ. ಫೆಬ್ರವರಿ ಕಳೆದ ಮೇಲೆಯೇ ದುಡಿಯುವ ಕೈಗಳಿಗೆ ಬಿಡುವು.

ಎರಡನೆಯ ಕಾರಣ ಜಾಗ. ಗುಡ್ಡ, ತೋಟಗಳ ನಡುವೆ ಸಮತಟ್ಟಾದ ನೆಲ ಕಡಿಮೆ. ಆದ್ದರಿಂದ ಕೊಯ್ಲು ಮುಗಿದು ಒಣಗಿದ ಗದ್ದೆಯೇ ಕ್ರಿಕೆಟ್, ವಾಲಿಬಾಲ್, ಕಬಡ್ಡಿಗೆ ಅಂಕಣವಾಗುತ್ತದೆ. ಸಂಜೆಯಾದರೆ ಹೊನಲು ಬೆಳಕಿನ ಪಂದ್ಯಾಟ. ಬೆಂಗಳೂರು, ಮಂಗಳೂರಿನಲ್ಲಿ ದುಡಿಯುವ ಯುವಕರೂ ರಜೆಗೆ ಬಂದು ಊರ ತಂಡ ಸೇರುತ್ತಾರೆ.

ಮನೆಯಲ್ಲಿದ್ದವರಿಗೆ ಟಿ.ವಿ.ಯಲ್ಲಿ ಐಪಿಎಲ್. 2008ರ ಏಪ್ರಿಲ್ 18ರಂದು ಬೆಂಗಳೂರಿನಲ್ಲಿ ಆರಂಭವಾದ ಈ ಪಂದ್ಯಾವಳಿಯನ್ನು ಬೆಂಗಳೂರು ತಂಡ ಮೊದಲ ಬಾರಿಗೆ ಗೆದ್ದದ್ದು 2025ರ ಜೂನ್ 3ರಂದು. ಮರುದಿನವೇ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತಕ್ಕೆ 11 ಮಂದಿ ಬಲಿಯಾದರು. ಸಂಭ್ರಮಕ್ಕೂ ಮಿತಿ ಬೇಕೆಂಬುದನ್ನು ನಾವು ಮರೆಯುವಂತಿಲ್ಲ.

ನಮ್ಮೂರಿನಲ್ಲೂ ಈ ಮಾತು ಅನ್ವಯಿಸುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳೂ, ಪವಿತ್ರ ವಾರವೂ ಇದೇ ದಿನಗಳಲ್ಲಿ ಬರುತ್ತವೆ. ರಾತ್ರಿಯಿಡೀ ಮೊಳಗುವ ಧ್ವನಿವರ್ಧಕ ಪಕ್ಕದ ಮನೆಯ ವಿದ್ಯಾರ್ಥಿಯ ಒಂದು ವರ್ಷದ ಶ್ರಮವನ್ನೇ ಕೆಡಿಸಬಹುದು. ಬೆಟ್ಟಿಂಗ್ ಸೇರಿದರಂತೂ ಕೊಯ್ಲಿನ ಕೂಲಿ ಮನೆ ತಲುಪುವುದಿಲ್ಲ. ಸಂಘಟಕರು ಪರೀಕ್ಷೆ ಮುಗಿದ ಮೇಲೆ ಪಂದ್ಯಾಟ ಇಟ್ಟುಕೊಂಡರೆ ಆ ಮಕ್ಕಳೂ ಆಡಬಹುದು, ಹೆತ್ತವರೂ ನಿಶ್ಚಿಂತೆಯಿಂದ ನೋಡಬಹುದು. ಜೂನ್ ಮಳೆ ಬರುವ ಮುನ್ನ ಅದಕ್ಕೆ ಸಾಕಷ್ಟು ದಿನಗಳಿವೆ.