ದೋಣಿಗೆ ಇಳಿಯುವ ಮುನ್ನ ನೀರಿನ ಚೀಲವನ್ನೊಮ್ಮೆ ನೋಡಿ

ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗುವ ಮುಂಬಯಿ ತುಳು-ಕನ್ನಡಿಗರ ಮಕ್ಕಳು ಈಗ ಅಜ್ಜಿಮನೆಯ ಗೇರುಹಣ್ಣು, ಹಲಸಿನ ಹಣ್ಣಿಗಷ್ಟೇ ತೃಪ್ತರಾಗುವುದಿಲ್ಲ. ಮೂಲ್ಕಿಯ ಶಾಂಭವಿ ಹೊಳೆಯಲ್ಲಿ, ಸಾಲಿಗ್ರಾಮದ ಪಾರಂಪಳ್ಳಿಯ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ದೋಣಿಗೆ ಹುಟ್ಟು ಹಾಕಿ ಬರಬೇಕೆಂಬುದು ಅವರ ಹಠ. 2024ರ ಮಾರ್ಚ್‌ನಲ್ಲಿ ಸಸಿಹಿತ್ಲು ಕಡಲ ತೀರದಲ್ಲಿ ಅಂತಾರಾಷ್ಟ್ರೀಯ ಪ್ಯಾಡ್ಲಿಂಗ್ ಸ್ಪರ್ಧೆ ನಡೆದ ಮೇಲಂತೂ ಈ ಹುಚ್ಚು ಇನ್ನಷ್ಟು ಹೆಚ್ಚಿದೆ.

ಕಳೆದ ಮೇ ತಿಂಗಳಲ್ಲಿ ತಂಗಿಯ ಮಗನ ಜತೆ ನಾನೂ ಶಾಂಭವಿಗೆ ಇಳಿದಿದ್ದೆ. ಹುಟ್ಟು ಹಾಕುವವನ ಎರಡು ಕೈಗಳಿಗೂ ಬಿಡುವಿಲ್ಲವಾದ್ದರಿಂದ ಬೆನ್ನಿಗೆ 2 ಲೀಟರಿನ ನೀರಿನ ಚೀಲ, ಅದರಿಂದ ಹೆಗಲ ಮೇಲೆ ಬರುವ ಕೊಳವೆ, ತುದಿಯಲ್ಲಿ ಕಚ್ಚಿ ಹೀರುವ ರಬ್ಬರಿನ ವಾಲ್ವ್. ಅರ್ಧ ದಾರಿಯಲ್ಲಿ ಬೆನ್ನು, ಸೊಂಟ ಒದ್ದೆಯಾದಾಗ ಹೊಳೆಯ ನೀರು ಸಿಡಿದಿರಬೇಕೆಂದುಕೊಂಡೆ. ಬಾಯಾರಿ ಕೊಳವೆ ಕಚ್ಚಿದರೆ ಬಂದದ್ದು ಬರೀ ಗಾಳಿ! ಅಷ್ಟರಲ್ಲಿ ಭರತ ಏರತೊಡಗಿ ಮರಳುವ ದಾರಿ ಎದುರು ನೀರಾಗಿತ್ತು. ಸುತ್ತ ನೀರೇ ನೀರು, ಎಲ್ಲವೂ ಉಪ್ಪು. ಹುಡುಗನ ಚೀಲದಲ್ಲಿ ಉಳಿದಿದ್ದನ್ನು ಹಂಚಿಕೊಂಡು ದಡ ಸೇರುವಾಗ ತಲೆನೋವು, ವಾಕರಿಕೆ ಎರಡೂ ಶುರುವಾಗಿದ್ದವು.

ಮನೆಗೆ ಬಂದು ಚೀಲಕ್ಕೆ ನೀರು ತುಂಬಿ, ಹೊರಗಡೆ ಒರೆಸಿ, ಹಳೆಯ ಪತ್ರಿಕೆಯ ಮೇಲೆ ಮಲಗಿಸಿ ಮೆಲ್ಲಗೆ ಒತ್ತಿ ನೋಡಿದೆ. ಒದ್ದೆಯಾದದ್ದು ಮುಚ್ಚಳದ ಬುಡ. ಅದರ ರಬ್ಬರ್ ಉಂಗುರದಲ್ಲಿ ಸಣ್ಣದೊಂದು ಮರಳ ಕಣ ಕುಳಿತಿತ್ತು, ಅಷ್ಟೇ. ಉಂಗುರ ತೆಗೆದು ತೊಳೆದು, ಮುಚ್ಚಳವನ್ನು ಓರೆಯಾಗದಂತೆ ತಿರುಗಿಸಿದರೆ ಸೋರಿಕೆ ಮಾಯ! ಉಂಗುರ ಬಿರುಕು ಬಿಟ್ಟಿದ್ದರೆ ಮಾತ್ರ ಬದಲಾಯಿಸಲೇಬೇಕು.

ಚೀಲಕ್ಕೇ ಸೂಜಿಮೊನೆಯಷ್ಟು ತೂತಾಗಿದ್ದರೆ ಗಾಳಿ ಊದಿ ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಎದ್ದಲ್ಲಿ ಗುರುತು ಮಾಡಿ. ಚೆನ್ನಾಗಿ ಒಣಗಿಸಿ, ಸ್ಪಿರಿಟ್‌ನಿಂದ ಒರೆಸಿ, ಪಾಲಿಯುರೆಥೇನ್ ಪ್ಲಾಸ್ಟಿಕ್‌ಗೆಂದೇ ಸಿಗುವ ತೇಪೆಯನ್ನು ಹೊರಗಿನಿಂದ ಅಂಟಿಸಬೇಕು. ಸೈಕಲ್ ಅಂಗಡಿಯ ಸೊಲ್ಯೂಶನ್ ಇದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ನಾನು ಪ್ರಯತ್ನಿಸಿ ಸೋತವನು. ಅಂಚಿನ ಬೆಸುಗೆಯೇ ಬಿಟ್ಟಿದ್ದರೆ ಹೊಸ ಚೀಲ ಕೊಳ್ಳುವುದು ಜಾಣತನ.

ಸೋರುವುದು ಕಣ್ಣಿಗೆ ಕಾಣುತ್ತದೆ, ಬೂಸು ಕಾಣುವುದಿಲ್ಲ. ನಮ್ಮ ಹುಡುಗ ಒಂದು ಸಲ ಚೀಲಕ್ಕೆ ಪುನರ್ಪುಳಿ ಶರಬತ್ತು ತುಂಬಿಸಿಕೊಂಡು ಹೋಗಿ, ಮುಂಬಯಿಗೆ ಬಂದು ಹಾಗೆಯೇ ಮಾಳಿಗೆಗೆ ಎಸೆದಿದ್ದ. ಮಳೆಗಾಲ ಕಳೆದು ತೆರೆದಾಗ ಕೊಳವೆಯೊಳಗೆ ಕಪ್ಪು ಚುಕ್ಕೆಗಳ ಸಾಲು. ಸಿಹಿ ಬಿದ್ದ ಚೀಲವನ್ನು ಅದೇ ದಿನ ತೊಳೆಯಲೇಬೇಕು. ಲೀಟರು ಬೆಚ್ಚನೆಯ ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಕೊಳವೆಯಲ್ಲೂ ಅದನ್ನೇ ಹರಿಸಿ. ಗಾಳದ ದಾರಕ್ಕೆ ಬಟ್ಟೆಯ ಚೂರು ಗಂಟು ಹಾಕಿ ಕೊಳವೆಯೊಳಗೆ ಎಳೆದರೆ ಕೊಳೆ ಬರುತ್ತದೆ. ಕುದಿಯುವ ನೀರು ಬೇಡ, ಚೀಲ ಹಾಳಾಗುತ್ತದೆ. ಬ್ಲೀಚ್ ಬಳಸಿದರೆ ಅದಕ್ಕೆ ಲಿಂಬೆರಸ, ವಿನೆಗರ್ ಎಂದೂ ಸೇರಿಸಬಾರದು, ವಿಷಾನಿಲ ಏಳುತ್ತದೆ. ಚುಕ್ಕೆ ಹೋಗದ ಕೊಳವೆಯನ್ನು ಎಸೆದುಬಿಡಿ.

ಕಚ್ಚುವ ವಾಲ್ವನ್ನು ದೋಣಿಯ ತಳದಲ್ಲಿ ತೂಗಲು ಬಿಡಬೇಡಿ. ಅಲ್ಲಿ ನಿಂತ ಹೊಳೆ ನೀರು ನೇರ ಬಾಯಿಗೆ ಬರುತ್ತದೆ. ಇಲಿಜ್ವರ ಹೇಗೆ ಬರುತ್ತದೆಂದು ಮುಂಬಯಿಯವರಿಗೆ ಹೇಳಿಕೊಡಬೇಕಾಗಿಲ್ಲ. ವಾಲ್ವಿಗೊಂದು ಮುಚ್ಚಳ ಹಾಕಿ, ಕೊಳವೆಯನ್ನು ಲೈಫ್ ಜಾಕೆಟ್‌ಗೆ ಕ್ಲಿಪ್ ಮಾಡಿ. ದೋಣಿ ಮಗುಚಿದರೆ ಸಡಿಲ ಕೊಳವೆ ಎಲ್ಲಾದರೂ ಸಿಕ್ಕಿಕೊಳ್ಳಬಹುದು.

ಇನ್ನು ಒಣಗಿಸುವ ಮಾತು. ಒಳಗೆ ಮರದ ಚಮಚ ಅಡ್ಡ ಇಟ್ಟು, ಬಾಯಿ ತೆರೆದು ತಲೆಕೆಳಗಾಗಿ ತೂಗುಹಾಕಬೇಕು. ಆದರೆ ಜುಲೈ ತಿಂಗಳಲ್ಲಿ ನಮ್ಮ ಚಾಳಿನ ಕೋಣೆಗಳಲ್ಲಿ ಕರವಸ್ತ್ರವೇ ಒಣಗುವುದಿಲ್ಲ. ಅದಕ್ಕೂ ಉಪಾಯವಿದೆ: ತೊಳೆದು ನೀರು ಬಸಿದು ಫ್ರೀಜರಿನಲ್ಲಿಡಿ, ಅಲ್ಲಿ ಬೂಸು ಬೆಳೆಯದು. ನಮ್ಮಲ್ಲಿ ಬಂಗುಡೆಯ ಪಕ್ಕ ಜಾಗ ಸಿಗಲು ಮನೆಯವರ ಒಪ್ಪಿಗೆ ಬೇಕಾಯಿತು. ಈಗ ಗಟ್ಟಿ ಡಬ್ಬಿಯೊಳಗೆ ಹಾಕಿ ಇಡುತ್ತೇವೆ.

ಈ ಸಲ ರೈಲು ಹತ್ತುವ ಹಿಂದಿನ ರಾತ್ರಿಯೇ ಚೀಲ ತುಂಬಿ ಪತ್ರಿಕೆಯ ಮೇಲೆ ಮಲಗಿಸಿಡುವುದೆಂದು ತೀರ್ಮಾನಿಸಿದ್ದೇವೆ. ಜತೆಗೆ ಪ್ರತಿಯೊಬ್ಬರ ದೋಣಿಯಲ್ಲೂ ಕಟ್ಟಿಟ್ಟ ಒಂದು ಲೀಟರ್ ಬಾಟಲಿ ಬೇರೆ.